ನಾಲ್ಕು ಸಲ ಸತ್ತ ಮಾವ

ನಾಟಕ ಕಂಪನಿಯ ಹಿರಿಯ ನಟನದು ಸಾಯುವುದರಲ್ಲಿ ಎತ್ತಿದ ಕೈ. ಅದು ದೇವರು ಕೊಟ್ಟ ವರವೆಂದು ಅವನೂ ನಂಬಿದ್ದ. ಯುದ್ಧ ಶುರುವಾದ ಮೇಲೆ ಸೇನೆಯ ಅಧಿಕಾರಿಯೊಬ್ಬ ವೀರಯೋಧನ ನಾಟಕವೊಂದನ್ನು ಬರೆದುಕೊಟ್ಟು, ಒಂದಕ್ಷರ ಬದಲಾಯಿಸಿದರೂ ಕಂಪನಿಗೆ ಬೀಗ ಎಂದು ಗದರಿಸಿ, ಸೇನೆ ಸೇರುವವರು ಸಹಿ ಹಾಕುವ ಭರ್ತಿಯ ಮೇಜನ್ನು ರಂಗಮಂದಿರದ ಬಾಗಿಲಲ್ಲೇ ಹಾಕಿಸಿದ್ದ.

ಪ್ರದರ್ಶನದ ದಿನ ಬೆಳಿಗ್ಗೆ ಮಗಳ ಗಂಡ, ಕಂಪನಿಯ ಬಡಗಿ, ಉಳಿ ಕೆಳಗಿಟ್ಟು ಬಂದು ನಿಂತ.

"ತಾಲೀಮಲ್ಲಿ ನೀವು ಸಾಯೋದು ನೋಡಿ ಮೈ ಜುಮ್ ಅಂತು, ಮಾವ. ಇವತ್ತು ನಾಟಕ ಮುಗಿದ ಕೂಡಲೇ ನಾನೂ ಸಹಿ ಹಾಕ್ತೀನಿ."

ಮಾವ ಹಣೆ ಚಚ್ಚಿಕೊಂಡ. ಮಗಳ ಬಾಳಿಗೆ ಕೈಯಾರೆ ಕೊಳ್ಳಿ ಇಟ್ಟೆನಲ್ಲ! ಬುದ್ಧಿ ಹೇಳಿದರೆ ಕೇಳುವ ಆಸಾಮಿಯಲ್ಲ. ದೇವರ ಪಟದೆದುರು ಅರ್ಧ ಗಂಟೆ ಕಣ್ಣು ಮುಚ್ಚಿ ಕೂತ. ಎದ್ದವನೇ ಹೆಂಡತಿಯ ಕಿವಿಯಲ್ಲಿ ಏನೋ ಉಸುರಿದ.

"ತಲೆ ನೆರೆತರೂ ಕೋತಿಬುದ್ಧಿ ಹೋಗಲಿಲ್ಲ ನಿಮಗೆ," ಎಂದಳು ಆಕೆ. ಆದರೂ ಮಧ್ಯಾಹ್ನ ಎರಡನೇ ಸಾಲಿನಲ್ಲಿ ಹೋಗಿ ಕೂತಳು.

ನಾಟಕದವರಲ್ಲೊಂದು ಪದ್ಧತಿ: ಜನ 'ಒನ್ಸ್ ಮೋರ್' ಎಂದರೆ ನಟ ಆ ಭಾಗವನ್ನು ಮತ್ತೆ ಆಡಲೇಬೇಕು, ಸತ್ತಿದ್ದರೂ ಸರಿಯೆ. ಮಾವ ಎದೆಗೆ ಗುಂಡು ತಿಂದು, "ತಾಯ್ನಾಡೇ, ಧನ್ಯನಾದೆ!" ಎಂದು ಸಿಂಹದಂತೆ ಬಿದ್ದ. ಚಪ್ಪಾಳೆಯೋ ಚಪ್ಪಾಳೆ.

"ಒನ್ಸ್ ಮೋರ್!" ಎಂದಳು ಹೆಂಡತಿ.

ಹೆಣ ಎದ್ದು, ಧೂಳು ಕೊಡವಿಕೊಂಡು ಮತ್ತೆ ಗುಂಡು ತಿಂದಿತು. ಮಾತು ಅದೇ, ನಡುನಡುವೆ ಬಿಕ್ಕಳಿಕೆ. ಜನ ಗೊಳ್ಳೆಂದು ನಕ್ಕರು. ಈಗ ಇಡೀ ಸಭೆಯೇ ಒನ್ಸ್ ಮೋರ್ ಎಂದಿತು. ಮೂರನೇ ಸಲ, ಬೀಳಲು ಮೆತ್ತಗಿನ ಜಾಗ ಹುಡುಕುತ್ತ ರಂಗವನ್ನೆಲ್ಲ ಸುತ್ತಿ ಬಂದ.

ಪರದೆಯ ಪಕ್ಕದಿಂದ ಅಧಿಕಾರಿ ಹಲ್ಲು ಕಡಿದ. "ಏನ್ರೀ ಇದು? ಸುಮ್ನೆ ಸಾಯ್ರೀ!"

"ಸತ್ತೇ ಇದೀನಿ ಸ್ವಾಮಿ, ಜನ ಬಿಡ್ತಿಲ್ಲ. ಒಂದಕ್ಷರ ಬದಲಾಯಿಸಿದೀನಾ, ನೀವೇ ಹೇಳಿ?"

ನಾಲ್ಕನೇ ಸಲ ಮಾವ ಯಾರನ್ನೂ ನಗಿಸಲಿಲ್ಲ. ಹೊಟ್ಟೆ ಹಿಡಿದು ಮುದುಡಿ ಕೂತ. ಅದೇ ಮಾತನ್ನು ಉಸಿರು ಸಾಲದೆ, ಹೆದರಿದ ಮಗುವಿನ ದನಿಯಲ್ಲಿ ತಡೆತಡೆದು ಹೇಳಿ ಪಕ್ಕಕ್ಕೆ ವಾಲಿದ. ಒಂದು ಕಾಲು ಸ್ವಲ್ಪ ಹೊತ್ತು ಅದುರಿ ನಿಂತಿತು.

ಅಳಿಯ ರಂಗಕ್ಕೆ ಹಾರಿ ಬಂದು ಭುಜ ಹಿಡಿದು ಅಲುಗಿಸಿದ. "ಮಾವ! ಏಳಿ ಮಾವ!"

"ಸಹಿ ಹಾಕ್ತೀಯಾ?" ಎಂದಿತು ಹೆಣ, ತುಟಿ ಅಲುಗದಂತೆ.

"ಇಲ್ಲ... ಅಯ್ಯೋ, ಇಲ್ಲ. ಮೊದಲು ಏಳಿ!"

"ನೀನೇ ಎತ್ತಪ್ಪ. ಬಿದ್ದೂ ಬಿದ್ದೂ ಮಂಡಿ ಹಿಡ್ಕೊಂಡಿದೆ."

ಅಳಿಯ ಮಾವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ. ಜನವೆಲ್ಲ ಸಹಿಗೆ ನಿಲ್ಲದೆ ಹಿಂದೆ ನಡೆದರು. ಬಾಗಿಲ ಮೇಜನ್ನು ಹಾಯುವಾಗ ಹೆಣ ಒಂದು ಕಣ್ಣು ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ ಕಾಯುತ್ತಿದ್ದ ಗುಮಾಸ್ತನಿಗೆ ತಲೆಕೆಳಗಾಗಿ ತೂಗಾಡುತ್ತಲೇ ಕೈಮುಗಿಯಿತು.