ಎಡಗಡೆಯ ಬಾಗಿಲು

ಬೀಗದಕ್ಕನಿಗೆ ತನ್ನ ಕೈಯ ಮೇಲೆ ಎಂಥ ನಂಬಿಕೆ ಅಂದರೆ, ‘ಕಾರಿನ ಬಾಗಿಲು ತೆಗೆಯೋಕಾಗುತ್ತಾ?’ ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ ಅವಳಿಗೆ ಸರ್ರನೆ ಸಿಟ್ಟು ಬರುತ್ತಿತ್ತು. ಆಗುತ್ತಾ ಅಂತ ಕೇಳೋದೇನು? ಎಷ್ಟೊತ್ತಿಗೆ ಬರ್ತೀಯ ಅಂತ ಕೇಳಬೇಕು. ಕೀಲಿಯನ್ನು ಗಾಡಿಯೊಳಗೇ ಬಿಟ್ಟು ಬಾಗಿಲು ಬಡಿದು, ಆಮೇಲೆ ಗಾಜಿಗೆ ಮೂಗು ಒತ್ತಿಕೊಂಡು ಪೆಚ್ಚಾಗಿ ನಿಂತವರನ್ನು ಅವಳು ಪಾರು ಮಾಡಿದ್ದಕ್ಕೆ ಲೆಕ್ಕವಿಲ್ಲ. ಒಂದು ಗಾಜು ಒಡೆದದ್ದಿಲ್ಲ, ಬಣ್ಣಕ್ಕೆ ಒಂದು ಗೀರು ಬಿದ್ದದ್ದಿಲ್ಲ. ಈ ಮಾತನ್ನು ಯಾರೂ ಕೇಳದಿದ್ದರೂ ಅವಳೇ ಹೇಳುತ್ತಿದ್ದಳು.

ಅವತ್ತು ಬೆಳಿಗ್ಗೆ ಫೋನ್ ಮಾಡಿದ್ದು ಡ್ರೈವಿಂಗ್ ಟೀಚರಮ್ಮನ ಮಗ. ‘ಕೀಲಿ ಒಳಗಿದೆ, ಬೇಗ ಬನ್ನಿ’ ಅಂದ. ಟೀಚರಮ್ಮ ಅಂದರೆ ಬೀಗದಕ್ಕನಿಗೆ ಸ್ಟೇರಿಂಗ್ ಹಿಡಿಯೋಕೆ ಕಲಿಸಿದವರು. ಬೈದು ಬೈದೇ ಕಲಿಸಿದವರು. ಅವರ ಮನೆ ಅಂದಮೇಲೆ ತಡ ಮಾಡೋದುಂಟೇ, ಬೀಗದಕ್ಕ ಟೀಯನ್ನು ಅರ್ಧಕ್ಕೇ ಬಿಟ್ಟು ಚೀಲ ಹೆಗಲಿಗೇರಿಸಿದಳು.

ಹೋಗಿ ನೋಡಿದರೆ ಕೀಲಿ ಒಳಗಿರುವುದೇನೋ ನಿಜ, ಆದರೆ ಟೀಚರಮ್ಮನ ಮುಷ್ಟಿಯಲ್ಲಿದೆ. ಶೆಡ್ಡಿನಲ್ಲಿದ್ದ ತಮ್ಮ ಹಳೇ ಬಿಳಿ ಕಾರಿನ ಡ್ರೈವರ್ ಸೀಟಿನಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಎಲ್ಲಾ ಬಾಗಿಲೂ ಒಳಗಿಂದ ಲಾಕ್. ತೊಡೆಯ ಮೇಲೊಂದು ಕೊಡೆ. ಮುಖ ನೋಡಿದರೆ ಯಾರನ್ನೋ ಹೊಡೆಯೋಕೇ ಕಾದಿರೋ ಹಾಗಿತ್ತು.

‘ಏನ್ರೀ ಇದು?’ ಬೀಗದಕ್ಕ ಮಗನನ್ನು ಕೇಳಿದಳು.

‘ಹೋದ ವಾರ ಅಮ್ಮ ಗೇಟಿಗೆ ಗುದ್ದಿದ್ಲು. ಅದಕ್ಕೂ ಮುಂಚೆ ಪಕ್ಕದ ಮನೆಯ ಹೂವಿನ ಕುಂಡ. ಕೇಳಿದ್ರೆ ಕಾಲು ಜಾರಿತು, ಬ್ರೇಕ್ ಸರಿಯಿಲ್ಲ, ಏನೇನೋ ಹೇಳ್ತಾಳೆ. ನಾಳೆ ಯಾರ ಮೇಲಾದ್ರೂ ಹತ್ತಿಸಿದ್ರೆ ಗತಿ ಏನು? ಗಾಡಿ ಮಾರೋಕೆ ಮಾತಾಡಿದೆ. ಅದು ಕಿವಿಗೆ ಬಿದ್ದಿದ್ದೇ ತಡ, ಹೋಗಿ ಕೂತಿದಾಳೆ. ತಿಂಡಿ ಕೂಡ ತಿಂದಿಲ್ಲ.’

ಬೀಗದಕ್ಕ ಚೀಲ ಕೆಳಗಿಟ್ಟಳು, ಜಿಪ್ ಮಾತ್ರ ಎಳೆಯಲಿಲ್ಲ. ‘ಗಾಡಿ ಯಾರ ಹೆಸರಲ್ಲಿದೆ?’ ಅಂದಳು. ಇದನ್ನು ಕೇಳದೆ ಅವಳು ಯಾವ ಬಾಗಿಲನ್ನೂ ಮುಟ್ಟಿದವಳಲ್ಲ. ಕೇಳದೆ ತೆಗೆಯುವವರಿಗೆ ಬೇರೆ ಹೆಸರಿದೆಯಲ್ಲ, ಕಳ್ಳರು ಅಂತ.

‘ಅಮ್ಮನ ಹೆಸರಲ್ಲೇ. ಆದ್ರೆ...’

‘ಆದ್ರೆ ಗೀದ್ರೆ ಇಲ್ಲ. ಓನರ್ ಒಳಗೇ ಕೂತಿದ್ದಾರೆ. ಅವರು ಹೂಂ ಅಂದ್ರೆ ತೆಗೀತೀನಿ.’

ಡ್ರೈವರ್ ಬದಿಗೆ ಹೋಗಿ ಗಾಜು ತಟ್ಟಿದಳು. ಟೀಚರಮ್ಮ ಎರಡು ಬೆರಳಿನಷ್ಟು ಇಳಿಸಿದರು.

‘ನಿನ್ನನ್ನೂ ಕರೆಸಿದ್ನಾ? ಒಳ್ಳೇದಾಯ್ತು ಬಿಡು. ನೀನು ಒಂದು ಬಾಗಿಲಾದ್ರೂ ತೆಗೆದ್ರೆ ಕೀಲಿ ಅವನ ಕೈಗೆ ಕೊಟ್ಟು ಇಳೀತೀನಿ, ಮಾರ್ಕೊಳ್ಳಲಿ. ನಿನ್ನ ಕೈಲಾಗದಿದ್ರೆ ಗಾಡಿ ನಂದು, ಓಡಿಸೋಳು ನಾನು. ಈ ಮನೇಲಿ ಇನ್ನೊಂದ್ಸಲ ಆ ಮಾತು ಎತ್ತಕೂಡದು.’ ಗಾಜು ಮತ್ತೆ ಮೇಲೇರಿತು.

‘ಆಗಲಿ, ಒಪ್ಕೊಂಡೆ,’ ಅಂದ ಮಗ. ಬೀಗದಕ್ಕನ ಕೈ ಅವನಿಗೂ ಗೊತ್ತಿತ್ತು.

ಈಗ ಪೇಚಿಗೆ ಸಿಕ್ಕವಳು ಬೀಗದಕ್ಕ. ಇಷ್ಟು ಗಟ್ಟಿ ಹೆಂಗಸಿನ ಕೈಯಿಂದ ಕಾರು ಕಸಿಯೋದು ಯಾವ ನ್ಯಾಯ ಅಂತ ಅವಳಿಗೆ ಅನ್ನಿಸುತ್ತಿತ್ತು. ಹಾಗಂತ ಬೇಕಂತಲೇ ಸೋಲೋದು ಅವಳ ಜಾಯಮಾನದಲ್ಲೇ ಇರಲಿಲ್ಲ. ಸರಿ, ಕೆಲಸ ಶುರು ಮಾಡಿದಳು. ಬಾಗಿಲಿನ ಮೇಲಿನ ಮೂಲೆಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಬೆಣೆ ತೂರಿಸಿದಳು. ಅದರ ಪಕ್ಕ, ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯಂಥ ಗಾಳಿಚೀಲ. ರಬ್ಬರ್ ಬುರುಡೆ ಹಿಚುಕಿದ ಹಾಗೆಲ್ಲ ಚೀಲ ಉಬ್ಬಿ ಬಾಗಿಲು ಕೂದಲೆಳೆಯಷ್ಟೇ ದೂರ ಸರಿಯುತ್ತದೆ. ಇಲ್ಲಿ ಆತುರಪಟ್ಟರೆ ಚೌಕಟ್ಟು ಬಾಗಿ, ಮಳೆಗಾಲದಲ್ಲಿ ನೀರು ಸೋರುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಅವಳ ಬೆರಳಿಗೆ ಗೊತ್ತು. ಆ ಸಂದಿಯಿಂದ ತುದಿಗೆ ರಬ್ಬರ್ ಸುತ್ತಿದ ಉದ್ದನೆಯ ಕಂಬಿ ಇಳಿಸಿದಳು.

ಠಪ್ ಅಂತ ಕೊಡೆಯ ಏಟು ಬಿತ್ತು. ಕಂಬಿ ಪಕ್ಕಕ್ಕೆ ಹಾರಿತು. ಬೀಗದಕ್ಕ ಮತ್ತೆ ಇಳಿಸಿದಳು, ಮತ್ತೆ ಠಪ್. ಕಂಬಿಯ ತುದಿ ಒಳಗೆ ಇಣುಕಿದರೆ ಸಾಕು, ಕೊಡೆ ಸಿದ್ಧ. ಟೀಚರಮ್ಮನ ಮುಖ ಅರಳಿ ಹೋಗಿತ್ತು. ಮಗನಿಗೂ ಒಳಗೊಳಗೇ ನಗು.

‘ಇರಿ, ಮಾಡ್ತೀನಿ ನಿಮಗೆ,’ ಅಂತ ಗೊಣಗಿ ಬೀಗದಕ್ಕ ಬಗ್ಗಿಕೊಂಡು, ಕಾರಿನ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದಳು. ಸದ್ದಿಲ್ಲದೆ ಬೆಣೆ, ಸದ್ದಿಲ್ಲದೆ ಗಾಳಿ. ಕಂಬಿ ಒಳಗಿಳಿಯಿತು. ಈಗ ಏಟು ಬೀಳುತ್ತೆ ಅಂತ ಕೈ ಬಿಗಿ ಹಿಡಿದಳು. ಬೀಳಲಿಲ್ಲ.

ಟೀಚರಮ್ಮ ಮುಂದೆ ನೋಡುತ್ತಾ ಕೂತೇ ಇದ್ದರು. ಬೇಕಂತಲೇ ಆಟ ಆಡಿಸುತ್ತಿದ್ದಾರೆ ಅಂದುಕೊಂಡ ಬೀಗದಕ್ಕ ಕಂಬಿಯನ್ನು ಗೇರಿನವರೆಗೂ ಚಾಚಿದಳು. ಮೇಲಕ್ಕೆತ್ತಿ ಅವರ ಭುಜದ ಪಕ್ಕದಲ್ಲೇ ಅಲ್ಲಾಡಿಸಿದಳು. ಏನೂ ಇಲ್ಲ. ಟೀಚರಮ್ಮ ಬಲಗಡೆಯ ಗಾಜಿಗೆ ಬಾಯಿಟ್ಟು ಕೂಗಿದರು: ‘ಎಲ್ಲಿ ಹೋದ್ಯೇ? ಸೋತು ಮನೆಗೆ ಹೊರಟ್ಯಾ?’

ಬೀಗದಕ್ಕ ಕೆಳಗೆ ನೋಡಿದಳು. ಅವಳು ಒರಗಿದ್ದ ಬಾಗಿಲಿನ ಕೆಳಗೇ ಗೇಟಿಗೆ ಗುದ್ದಿದ ತಗ್ಗಿತ್ತು. ಕುಂಡ ತಾಗಿದ ಗೀರೂ ಅಲ್ಲೇ. ಎಲ್ಲಾ ಎಡಗಡೆಯೇ.

ಕಂಬಿಯನ್ನು ಹಿಂದಕ್ಕೆಳೆಯುವಾಗ ಲಾಕಿನ ಗುಂಡಿ ಅದರ ತುದಿಗೆ ಸಿಕ್ಕಿತು. ಸ್ವಲ್ಪ ಎತ್ತಿದ್ದರೆ ಗೆದ್ದಿದ್ದಳು. ಎತ್ತಲಿಲ್ಲ. ಸಂದಿಗೆ ಬಾಯಿಟ್ಟು ಮೆಲ್ಲಗೆ ಅಂದಳು: ‘ಮೇಡಂ, ನಾನು ಇಲ್ಲೇ ಇದೀನಿ.’

ಟೀಚರಮ್ಮ ಬೆಚ್ಚಿ ಇಡೀ ಕತ್ತು ತಿರುಗಿಸಿದರು. ಒಳಗೆ ಬಂದು ನಿಂತಿದ್ದ ಕಂಬಿಯನ್ನು ನೋಡಿದರು. ಅರಳಿದ್ದ ಮುಖ ಸಪ್ಪಗಾಯಿತು.

‘ಯಾವಾಗಿಂದ ಹೀಗೆ?’ ಬೀಗದಕ್ಕ ಕೇಳಿದಳು.

‘ಬೇಸಿಗೆಯಿಂದ. ಒಂದು ಕಡೆಯಿಂದ ಮಬ್ಬು ಕವಿದ ಹಾಗಾಯ್ತು. ಆಮೇಲೆ ಆ ಕಡೆ ಏನೂ ಕಾಣಲ್ಲ.’

‘ಮಗನಿಗೆ ಹೇಳಿಲ್ವಾ?’

‘ಹೇಳಿದ್ರೆ ಕೀಲಿ ಕಿತ್ಕೋತಾನೆ ಕಣೇ.’ ಅವರು ಕೀಲಿಯನ್ನು ಇನ್ನೂ ಬಿಗಿಯಾಗಿ ಹಿಡಿದರು. ‘ಭಯ ಆಗುತ್ತೆ. ಈ ಸೀಟಿನಿಂದ ಇಳಿದ್ರೆ ಆಮೇಲೆ ನಾನು ಯಾರು?’

ಆದರೂ ಬೀಗದಕ್ಕ ಬಿಡಲಿಲ್ಲ. ‘ರಸ್ತೇಲಿ ಎಡಗಡೆನೂ ಜನ ನಡೀತಾರೆ ಮೇಡಂ. ನಾನಾಗಿ ಈ ಬಾಗಿಲು ತೆಗೆಯಲ್ಲ. ಆದ್ರೆ ಇವತ್ತೇ ನೀವು ಹೇಳಬೇಕು. ಹೇಳದಿದ್ರೆ ನಾನೇ ಹೇಳ್ತೀನಿ, ನಿಮ್ಮಾಣೆ.’

ಕಂಬಿ ಎಳೆದುಕೊಂಡಳು, ಗಾಳಿ ಬಿಟ್ಟಳು. ಮಗನ ಮುಂದೆ ಹೋಗಿ ನಿಂತು, ಜನ್ಮದಲ್ಲಿ ಆಡದ ಮಾತೊಂದನ್ನು ಆಡಿದಳು. ‘ನನ್ನ ಕೈಲಾಗಲಿಲ್ಲ.’

ಮಗ ಕಣ್ಣು ಕಣ್ಣು ಬಿಟ್ಟ. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಟಕ್ ಅಂತ ಸದ್ದಾಯಿತು. ಟೀಚರಮ್ಮ ತಾವೇ ಲಾಕ್ ತೆಗೆದು ಇಳಿದರು. ಕಾರಿನ ಮೈಮೇಲೆ ಕೈಯಾಡಿಸುತ್ತಾ ಮಗನ ಹತ್ತಿರ ಬಂದರು.

‘ನಂಗೆ ಎಡಗಣ್ಣು ಕಾಣ್ತಿಲ್ಲ ಕಣೋ. ಗೇಟು ಕಾಣಿಸಲೇ ಇಲ್ಲ.’

ಮಗ ತಾಯಿಗೆ ಅರಳುಮರಳು ಅಂದುಕೊಂಡಿದ್ದ, ಬೈದಿದ್ದ. ನಾಚಿಕೆಯಿಂದ ತಲೆ ತಗ್ಗಿಸಿ, ‘ಒಂದು ಮಾತು ಹೇಳಬಾರದಿತ್ತೇನಮ್ಮ?’ ಅಂದ.

ಟೀಚರಮ್ಮ ಅವನ ಅಂಗೈ ಬಿಡಿಸಿ ಕೀಲಿ ಇಟ್ಟರು. ಬೆರಳುಗಳನ್ನು ತಾವೇ ಮಡಚಿದರು.

‘ನಡಿ, ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗು. ನೀನೇ ಓಡಿಸು. ದಾರೀಲಿ ಎಡಗಡೆ ಏನೇನು ಬರುತ್ತೆ ಅಂತ ನಂಗೆ ಹೇಳ್ತಾ ಹೋಗು.’