ಬರಫದ ಕಲ್ಲು

ಬಳ್ಳಾರಿಗೆ ರೈಲು ಬಂದು ಸುಮಾರು ಇಪ್ಪತ್ತು ವರ್ಷದ ಮೇಲೆ ಬ್ರೂಸ್‌ಪೇಟೆಗೆ ಐಸ್‌ಕ್ರೀಮ್ ಬಂತು. ಅಂಗಡಿ ಎರ್ರಣ್ಣನದು. ಮದರಾಸಿನಿಂದ ಮರದ ಹೊಟ್ಟಿನಲ್ಲಿ ಹೂತು ಬರುತ್ತಿದ್ದ ಬರಫದ ಗಡ್ಡೆಯನ್ನು ಒಡೆದು, ಉಪ್ಪು ಬೆರೆಸಿ, ನಡುವೆ ಹಾಲಿನ ಡಬ್ಬಿ ಇಟ್ಟು ತಿರುಗಿಸಿದರೆ ಹಾಲು ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಗಡ್ಡೆಯನ್ನು ಗಾಡಿಯಲ್ಲಿ ತಂದು ಹಿತ್ತಲಲ್ಲಿ ಒಡೆಯುವವರು ಕುರುಗೋಡಿನ ಸುಂಕಣ್ಣ ಮತ್ತು ಅವನ ಹೆಂಡತಿ ಮಾರೆಮ್ಮ. ಇಬ್ಬರೂ ಊರಾಚೆಯ ಕೇರಿಯವರು. ಬರಫ ಕಲ್ಲು, ಕಲ್ಲಿಗೆ ಮೈಲಿಗೆಯಿಲ್ಲ ಎಂಬುದು ಎರ್ರಣ್ಣ ತನ್ನ ಅನುಕೂಲಕ್ಕೆ ಮಾಡಿಕೊಂಡ ಶಾಸ್ತ್ರ. ಹಾಲನ್ನು ಮಾತ್ರ ಅವನೇ ಮುಟ್ಟುತ್ತಿದ್ದ.

ಒಂದು ಬೇಸಿಗೆಯಲ್ಲಿ ಸಿರುಗುಪ್ಪದ ವಾಸುದೇವರಾಯರು ಕೋರ್ಟಿನ ಕೆಲಸಕ್ಕೆಂದು ತಮ್ಮ ಪ್ರಹ್ಲಾದನ ಜೊತೆ ಬಂದರು. ಮನೆಯಲ್ಲಿ ಮಡಿನೀರು ಬಿಟ್ಟು ಕುಡಿಯದ ಮನುಷ್ಯ. ಆದರೆ ‘ಪಥಿ ಶೂದ್ರವದಾಚರೇತ್’ ಎಂದು ಹಿರಿಯರು ಹೇಳಿದ್ದಾರಲ್ಲ, ದಾರಿಯಲ್ಲಿ ಮಡಿ ಸಡಿಲ. ನಾಲಗೆಯ ಚಪಲಕ್ಕೆ ಶಾಸ್ತ್ರದ ಬೆಂಬಲ ಸಿಕ್ಕರೆ ಕೇಳಬೇಕೆ? ರಾಯರು ಎರ್ರಣ್ಣನ ಅಂಗಡಿಯಲ್ಲಿ ಎರಡು ಬಟ್ಟಲು ಐಸ್‌ಕ್ರೀಮ್ ಮುಗಿಸಿ, ಬಾಯಿಗೆ ಹಾಕಿಕೊಳ್ಳಲು ಒಂದು ತುಂಡು ಬರಫವನ್ನೂ ಕೇಳಿದರು.

ಅದನ್ನು ಚೀಪುತ್ತಿರುವಾಗ ಹಿಂದಿನ ಬಾಗಿಲಲ್ಲಿ ಗಡ್ಡೆ ಹೊತ್ತ ಸುಂಕಣ್ಣ ಕಂಡ.

"ಅವ ಯಾರು?"

"ನಮ್ಮ ಗಾಡಿಯವ. ಕೇರಿಯವ. ಕಲ್ಲಿಗೆ ಎಲ್ಲಿ ಮೈಲಿಗಿ, ರಾಯರೇ?" ಎಂದ ಎರ್ರಣ್ಣ.

ಅಷ್ಟರಲ್ಲಿ ಬೆರಳ ಸಂದಿಯಿಂದ ಕಲ್ಲು ಕರಗಿ ಮೊಣಕೈವರೆಗೆ ಹರಿಯಿತು. ರಾಯರು ಆ ನೀರನ್ನೇ ನೋಡಿದರು. ನುಂಗಿದ್ದೂ ಅದನ್ನೇ. ಗಂಟಲಿಗೆ ಬೆರಳು ಹಾಕಿ ಅಲ್ಲೇ ಕಾರಿಕೊಂಡರು.

ಪ್ರಹ್ಲಾದ ಬೆತ್ತ ಹಿಡಿದು ಹಿತ್ತಲಿಗೆ ನುಗ್ಗಿದ. ಮೊದಲ ಏಟಿಗೆ ಸುಂಕಣ್ಣನ ಕಿವಿ ಹರಿಯಿತು. "ನಮ್ಮಣ್ಣಗ ನಿನ್ನ ಕೈ ನೀರು ಕುಡಿಸಿದೇನಲೇ?"

"ಬುದ್ಧೀ, ನಾ ಕಲ್ಲು ಮುಟ್ಟೀನಿ. ನೀರು ಮುಟ್ಟಿಲ್ಲ."

ಗದ್ದಲ ಕೇಳಿ ಓಣಿಯ ಜನ ಸೇರಿದರು. ನೀರಿಗೆ ಬೇರೆ ಬೇರೆ ಬಾವಿಗೆ ಹೋಗುವವರು ಹೊಡೆಯಲು ಒಂದೇ ಹಿತ್ತಲಿಗೆ ಬಂದರು. ಒದ್ದರು, ಹಲ್ಲು ಉದುರಿಸಿದರು. ಬಿಡಿಸಲು ಬಂದ ಮಾರೆಮ್ಮನ ತುರುಬು ಹಿಡಿದು ಗೋಡೆಗೆ ಚಚ್ಚಿದರು. ಥೂ, ಮನುಷ್ಯರೇ ಇವರು?

"ಕಲ್ಲಂತ, ಕಲ್ಲು. ಹಂಗಾದ್ರ ಅದರಾಗ ಕೈ ಇಡಲೇ," ಎಂದ ಪ್ರಹ್ಲಾದ. ನಾಲ್ವರು ಸುಂಕಣ್ಣನ ಎರಡೂ ಕೈಗಳನ್ನು ಉಪ್ಪು ಬೆರೆಸಿದ ಬರಫದ ಪೀಪಾಯಿಗೆ ಅದುಮಿ ಹಿಡಿದರು. ಅವನು ಬೆಂಕಿಗೆ ಬಿದ್ದವನಂತೆ ಅರಚಿದ. ಆಮೇಲೆ ಅರಚುವುದನ್ನೂ ಬಿಟ್ಟ. ಕೈ ಹೊರಗೆ ತೆಗೆದಾಗ ಬೆರಳುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು, ಮಡಿಚಲು ಬರಲಿಲ್ಲ.

"ಮತ್ತ ಒತ್ತು, ಪ್ರಹ್ಲಾದಾ," ಎನ್ನುತ್ತ ರಾಯರು ಮುಂದೆ ಬಂದರು. ನೆಲದ ತುಂಬ ಕರಗಿದ ನೀರು. ಕಾಲು ಜಾರಿ, ತಲೆ ಗಡ್ಡೆ ಒಡೆಯುವ ಚಪ್ಪಡಿಯ ಅಂಚಿಗೆ ಬಡಿಯಿತು. ನೆತ್ತಿ ಒಡೆದು ರಕ್ತ ಚಿಮ್ಮಿತು. ರಕ್ತ ಕಂಡದ್ದೇ ಜನ ಹಿಂದೆ ಸರಿದರು, ಒಬ್ಬ ಟಾಂಗಾ ತರಲು ಓಡಿದ.

ಪ್ರಹ್ಲಾದ ಧೋತ್ರ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. "ಬರಫ ಒತ್ರಿ, ರಕ್ತ ಕಟ್ಟತೈತಿ," ಎಂದ ಎರ್ರಣ್ಣ.

ಪೀಪಾಯಿಯದಕ್ಕೆ ಉಪ್ಪು ಬೆರೆತಿತ್ತು, ಉಪ್ಪಿಲ್ಲದೆ ಉಳಿದಿದ್ದುದು ಒಂದೇ ಗಡ್ಡೆ. ಅದರ ಪಕ್ಕದಲ್ಲಿ ಮಾರೆಮ್ಮ ಬರಫ ಒಡೆಯುವ ಕೊಡತಿ ಹಿಡಿದು ನಿಂತಿದ್ದಳು.

"ಒಡದು ಕೊಡವಾ. ಅಣ್ಣ ಸಾಯ್ತಾನ," ಎಂದ ಪ್ರಹ್ಲಾದ.

"ಇದು ಕಲ್ಲೋ, ನೀರೋ? ಮೊದಲು ಹೇಳ್ರಿ."

"ಕಲ್ಲು. ಕಲ್ಲೇ."

"ಹಂಗಾದ್ರ ನನ್ನ ಗಂಡನ ಕೈ ಯಾಕ ಸುಟ್ರಿ?"

ಮಾರೆಮ್ಮ ಗಡ್ಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದು ಸುಡುಬಿಸಿಲಿಗೆ ಹಾಕಿದಳು. "ಕಲ್ಲಾದ್ರ ಇಲ್ಲೇ ಇರತೈತಿ. ನೀರಾದ್ರ ಹರಿದು ಹೋಗತೈತಿ. ಬೇಕಾದ್ರ ನೀವ ತಗೋರಿ, ನಾ ಅಡ್ಡ ಬರಂಗಿಲ್ಲ." ಗಂಡನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಳು.

ಪ್ರಹ್ಲಾದ ಆಗಲೇ ನೀರು ಜಿನುಗುತ್ತಿದ್ದ ಗಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ಸುತ್ತಲೂ ಓಣಿಯ ಜನ, ಎರ್ರಣ್ಣನೂ ಸೇರಿ, ಅವನ ಕೈಯನ್ನೇ ನೋಡುತ್ತಿದ್ದರು. ಕೈ ಹಿಂದೆ ಬಂತು. ಮತ್ತೆ ಚಾಚಿದ, ಮತ್ತೆ ಹಿಂದೆ ಬಂತು.

ಟಾಂಗಾ ಬರುವಷ್ಟರಲ್ಲಿ ವಾಸುದೇವರಾಯರ ಉಸಿರು ನಿಂತಿತ್ತು. ಪ್ರಹ್ಲಾದ ಇನ್ನೂ ಅಲ್ಲೇ ಕೂತಿದ್ದ. ಕರಗಿದ ನೀರು ಅವನ ಕಾಲಬೆರಳವರೆಗೆ ಹರಿದು ಬಂದಾಗ, ಅವನು ಕಾಲು ಹಿಂದಕ್ಕೆ ಎಳೆದುಕೊಂಡ.