ಯುವರಾಜರ ಮೀಸೆ ಹೋದ ದಿನ

ಆ ರಾಜರಿಗೆ ಅವಳಿ ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಯಾರು ಮೊದಲು ಹುಟ್ಟಿದರೆಂಬುದನ್ನು ಸೂಲಗಿತ್ತಿ ಆ ಗಡಿಬಿಡಿಯಲ್ಲಿ ಮರೆತುಬಿಟ್ಟಿದ್ದಳು. ಈಗ ವಯಸ್ಸಾದ ರಾಜರು ಪಟ್ಟ ಬಿಡುವ ಮುಂಚೆ, "ಜನ ಏನಂತಾರೋ ಕೇಳೋಣ" ಎಂದರು. ಅಷ್ಟೇ ಸಾಕಾಯಿತು. ಬಾವಿಕಟ್ಟೆಯಲ್ಲಿ, ಕ್ಷೌರದಂಗಡಿಯಲ್ಲಿ, ಗಂಡಹೆಂಡಿರ ಒಂದೇ ಚಾಪೆಯ ಮೇಲೆ ಯುವರಾಣಿಯದ್ದೊಂದು, ಯುವರಾಜರದ್ದೊಂದು ಎಂದು ಎರಡು ಪಕ್ಷಗಳಾದವು.

ನಮ್ಮ ಬೀದಿಯ ಮಣ್ಣಿನ ಬಟ್ಟಲು ಮಾಡುವ ಅಮ್ಮನಿಗೂ ಇಬ್ಬರು ಮಕ್ಕಳು. ದೊಡ್ಡವಳು ಹದಿನೈದು ವರ್ಷದಿಂದ ಬಟ್ಟಲು ಸುಡುವ ಆವಿಗೆಯ ಉರಿ ಕಾಯುತ್ತಿದ್ದಳು. ಚಿಕ್ಕವನ ಮಾತಿನ ಸದ್ದಿಗೆ ಬೀದಿಯೇ ಅವನನ್ನು ಪಟಾಕಿ ಎನ್ನುತ್ತಿತ್ತು. ಅಮ್ಮನಿಗೆ ವಯಸ್ಸಾಗಿ ಕೈ ನಡುಕ ಬಂದಿತ್ತು; ಆವಿಗೆಯನ್ನು ಇಬ್ಬರಲ್ಲಿ ಒಬ್ಬರಿಗೆ ಒಪ್ಪಿಸಬೇಕಿತ್ತು.

"ರಾಜನೇ ಜನರನ್ನ ಕೇಳ್ತಾನಂತೆ, ನಾನ್ಯಾವ ದೊಡ್ಡ ಮನುಷ್ಯಳು? ಬಟ್ಟಲ ಮೇಲೆ ನೀನು ಯುವರಾಣೀನ ಬರಿ, ಇವನು ಯುವರಾಜನ್ನ ಬರೀಲಿ. ಯಾರ ಬಟ್ಟಲು ಮೊದಲು ಖಾಲಿ ಆಗುತ್ತೋ, ಆವಿಗೆ ಅವರದ್ದು" ಎಂದಳು ದೊಡ್ಡವಳಿಗೆ.

ಅಕ್ಕ ಕುಂಚ ಕೈಗೆತ್ತಿಕೊಂಡಳು. ಆ ಬೆಂಕಿಯನ್ನು ಬಿಟ್ಟು ಬದುಕುವುದು ಅವಳಿಗೆ ಗೊತ್ತಿರಲಿಲ್ಲ.

ಅವಳಿಗಳ ಮೂಗು, ಕಣ್ಣು, ಕತ್ತರಿಸಿದ ಕೂದಲು ಎಲ್ಲ ಒಂದೇ. ಆದ್ದರಿಂದ ಇಬ್ಬರಿಗೂ ಒಂದೇ ಅಚ್ಚಿನ ನೀಲಿ ಗೆರೆ. ಯುವರಾಜರಿಗೆ ಮಾತ್ರ ಮೇಲೊಂದು ಕಪ್ಪು ಮೀಸೆ. "ಆ ಕಪ್ಪು ಬಣ್ಣ ಉರಿ ತಡೆಯಲ್ಲ ಕಣೋ, ಆವಿಗೆಯ ಮೇಲಿನ ಸಾಲಲ್ಲಿ ಉರಿ ಜಾಸ್ತಿ, ಅಲ್ಲಿ ಇಡಬೇಡ" ಎಂದು ಅಕ್ಕ ಎಷ್ಟು ಸಲ ಹೇಳಿದ್ದಳೋ! ಪಟಾಕಿ ಎಲ್ಲವನ್ನೂ ಮೇಲಿನ ಸಾಲಿನಲ್ಲೇ ಒಟ್ಟಿದ. ಬೆಳಿಗ್ಗೆ ಆವಿಗೆ ತೆರೆದರೆ ಇನ್ನೂರು ಯುವರಾಜರಲ್ಲಿ ಒಬ್ಬರಿಗೂ ಮೀಸೆಯಿಲ್ಲ.

ಅಷ್ಟರಲ್ಲಿ ಯುವರಾಜರ ಪಕ್ಷದ ಮೇಷ್ಟ್ರು ಅಂಗಡಿಗೆ ಬಂದರು. "ಏನಯ್ಯಾ ಇದು? ಮೀಸೆ ಎಲ್ಲಿ?"

ಪಟಾಕಿ ಅತ್ತಿತ್ತ ನೋಡಿದ. ತನ್ನ ಬಟ್ಟಲುಗಳನ್ನಿಟ್ಟ ಎದುರಿನ ಹಲಗೆಯ ಹಿಂದೆ ಅಕ್ಕ ಕೂತಿದ್ದಳು. ಅವಳನ್ನು ನೋಡುತ್ತಲೇ ಬಾಯಿಗೆ ಬಂದದ್ದನ್ನು ಅಂದುಬಿಟ್ಟ. "ಯುವರಾಜರು ತೆಗೆಸಿಬಿಟ್ರು ಮೇಷ್ಟ್ರೇ. ಅಕ್ಕನ ಎದುರು ಮೀಸೆ ತಿರುವೋದು ಮರ್ಯಾದೆ ಅಲ್ಲ ಅಂತ."

ಮೇಷ್ಟ್ರ ಕಣ್ಣು ತುಂಬಿತು. "ಎಂಥಾ ವಿನಯ! ರಾಜ ಅಂದ್ರೆ ಇವನಪ್ಪ! ಆರು ಬಟ್ಟಲು ಕೊಡು."

ಬಟ್ಟೆ ಹೊಲಿಯುವ ಅತ್ತೆ ಯುವರಾಣಿಯ ಪಕ್ಷ. ಅವಳು ಓಡಿಬಂದಳು. "ಕೇಳಿದ್ರಾ? ಯುವರಾಜನೇ ಅವಳನ್ನ ಅಕ್ಕ ಅಂದನಂತೆ! ಹಾಗಾದ್ರೆ ದೊಡ್ಡವಳು ಅವಳೇ ತಾನೇ? ನನಗೆ ಹನ್ನೆರಡು ಕೊಡೋ, ಸಾಕ್ಷಿಗೆ ಬೇಕು!"

ಆಮೇಲೆ ಬೀದಿಗೆ ಹುಚ್ಚು ಹಿಡಿಯಿತು. ವಿನಯಕ್ಕೆಂದು ಒಬ್ಬರು, ಸಾಕ್ಷಿಗೆಂದು ಇನ್ನೊಬ್ಬರು ಬಟ್ಟಲಿಗೆ ಮುಗಿಬಿದ್ದರು. ಯುವರಾಜರ ಅಭಿಮಾನಿಗಳೆಲ್ಲ ತಾವೂ ಮೀಸೆ ತೆಗೆಸಲು ಕ್ಷೌರದಂಗಡಿಗೆ ನುಗ್ಗಿದರು. ಮೀಸೆಯಿಲ್ಲದ ಅಪ್ಪನನ್ನು ಕಂಡು ಒಂದು ಕೂಸು ಕಿಟಾರನೆ ಕಿರುಚಿತು, ಒಬ್ಬಳು ಹೆಂಡತಿ ಗಂಡನಿಗೇ "ಯಾರು ಬೇಕಿತ್ತು?" ಎಂದಳು. ಮಧ್ಯಾಹ್ನಕ್ಕೆ ಪಟಾಕಿಯ ಹಲಗೆ ಖಾಲಿ. ಅಕ್ಕನ ಬಟ್ಟಲುಗಳ ಮೇಲೂ ಅದೇ ಮುಖವಿತ್ತು, ಆದರೂ ಅವು ಇದ್ದಲ್ಲೇ ಇದ್ದವು.

"ಆಯ್ತಲ್ಲ, ಆವಿಗೆ ನಿಂದು" ಎಂದಳು ಅಮ್ಮ ಪಟಾಕಿಗೆ.

ಅಕ್ಕ ಎದ್ದು, ಸೀರೆಯ ಬೂದಿ ಕೊಡವಿ ಒಳಗೆ ಹೊರಟಳು. ಭಗವಂತ ಮನುಷ್ಯನಿಗೆ ನಾಚಿಕೆಯನ್ನು ಕೊಟ್ಟಿರುವುದು ಇಂಥ ಗಳಿಗೆಗೇ ಇರಬೇಕು. ಪಟಾಕಿ ಹೋಗಿ ಅವಳ ಕೈ ಹಿಡಿದ.

"ಅಮ್ಮಾ, ಯುವರಾಜರು ಮೀಸೆ ತೆಗೆಸಿಲ್ಲ. ನಾನೇ ಸುಟ್ಟೆ. ಅಕ್ಕ ಮೇಲೆ ಇಡಬೇಡ ಅಂದಿದ್ಲು, ಕೇಳಲಿಲ್ಲ. ಆವಿಗೆ ನನ್ನ ಕೈಗೆ ಬಂದ್ರೆ ನಾಳೆ ಮನೇನೂ ಸುಡ್ತೀನಿ."

ಅಮ್ಮ ಮಗನ ಮುಖವನ್ನೇ ನೋಡಿದಳು. ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. "ಹೋಗು, ಊರಿಗೂ ಹೇಳಿ ಬಾ!"

ಹೋಗಿ ಹೇಳಿದ. ಯಾರೂ ನಂಬಲಿಲ್ಲ. ಮೇಷ್ಟ್ರು ಬೋಳು ಮೇಲ್ದುಟಿ ಸವರಿಕೊಳ್ಳುತ್ತಾ, "ಎಷ್ಟು ಕೊಟ್ರು ನಿನಗೆ ಆ ಪಕ್ಷದವರು?" ಎಂದು ಗದರಿದರು.

ಅವನು ವಾಪಸು ಬರುವಷ್ಟರಲ್ಲಿ ಅಕ್ಕ ಆವಿಗೆಯ ಬಾಯಿ ಗುಡಿಸಿ, ಹೊಸ ಸೌದೆ ಜೋಡಿಸಿದ್ದಳು.

"ನಂಬಿದ್ರೇನೋ?"

"ಇಲ್ಲ ಕಣೇ, ಇನ್ನೂ ನೂರು ಬಟ್ಟಲು ಬೇಕಂತೆ!"

"ಹಾಗಾದ್ರೆ ಬಾ, ಮಣ್ಣು ತುಳಿ. ಉರಿ ನಾನು ನೋಡ್ಕೋತೀನಿ."